ಪಂಪಿನ ವಿದ್ಯುತ್ ಪೆಟ್ಟಿಗೆಗೆ ತಕ್ಕ ರಬ್ಬರು

ಬಾವಿಯ ದಂಡೆಯಲ್ಲಿ ಬಿಸಿಲು ಮಳೆಗಳಿಗೆ ಮೈಯೊಡ್ಡಿ ನಿಂತ ಸ್ಟಾರ್ಟರ್ ಪೆಟ್ಟಿಗೆಯೊಳಕ್ಕೆ ನೀರು ಹೊಕ್ಕರೆ ಮೋಟಾರು ಸುಟ್ಟು ಹಣ ನಷ್ಟವಾಗುವುದಷ್ಟೇ ಅಲ್ಲ. ನೀರು ಹಾಯಿಸುವ ಆಳು ಒದ್ದೆ ಕೈಯಿಂದ ಅದನ್ನು ಮುಟ್ಟಿದಲ್ಲಿ ಪ್ರಾಣಕ್ಕೇ ಅಪಾಯ. ಮುಚ್ಚಳದೊಳಗಿನ ರಬ್ಬರ್ ಪಟ್ಟಿಯ ದೋಷವೊಂದೇ ಇಷ್ಟಕ್ಕೆ ಸಾಕು. ಆದಕಾರಣ ಜಮೀನುದಾರರು ಈ ಅಲ್ಪ ವಸ್ತುವನ್ನು ತಿಳಿದು ಕೊಳ್ಳತಕ್ಕದ್ದು.

ಅಂಗಡಿಯಲ್ಲಿ ಎಲ್ಲವೂ ಕಪ್ಪಾಗಿಯೇ ಕಾಣುವುದರಿಂದ ಬಣ್ಣ ನೋಡಿ ಆರಿಸಲಾಗದು. ಹೆಸರು ಹೇಳಿ ಕೇಳಬೇಕು. ಮರದ ಹಾಲಿನಿಂದಾದ ಸಹಜ ರಬ್ಬರು ಚೆನ್ನಾಗಿ ಹಿಗ್ಗಿ ಕುಗ್ಗುವುದಾದರೂ, ಗಾಳಿಯಲ್ಲಿರುವ ಓಜೋನ್ ಎಂಬ ಅನಿಲವು ಅದರ ಎಳೆತಕ್ಕೆ ಸಿಕ್ಕಿದ ಭಾಗವನ್ನು ಅಡ್ಡಡ್ಡಲಾಗಿ ಸೀಳುವುದು. ನೈಟ್ರೈಲ್ ರಬ್ಬರು ಎಣ್ಣೆಯನ್ನು ತಾಳುವುದು. ಬಯಲಿನಲ್ಲಿ ಅದಕ್ಕೂ ಇದೇ ಗತಿ. ಬಿಸಿಲು, ಓಜೋನ್, ನೀರು ಇವು ಮೂರನ್ನೂ ಬಹುಕಾಲ ತಡೆಯಬಲ್ಲದ್ದು ಇ.ಪಿ.ಡಿ.ಎಂ. ಎಂಬ ಕೃತಕ ರಬ್ಬರು. ತೆರೆದ ಹೊಲದ ಪೆಟ್ಟಿಗೆಗೆ ಇದೇ ಉತ್ತಮ. ಆದರೆ ಇದಕ್ಕೆ ಎಣ್ಣೆ ಆಗದು. ಯಂತ್ರಕ್ಕೆ ಹಚ್ಚುವ ಸಾಮಾನ್ಯ ಗ್ರೀಸನ್ನು ಸವರಿದರೆ ಉಬ್ಬಿ ಮೆತ್ತಗಾಗುವುದು. ಒಳ್ಳೆಯದಾಗಲೆಂದು ಮಾಡಿದ ಉಪಚಾರವೇ ಕೇಡಾಗುವುದುಂಟು. ಸವರಲೇಬೇಕಾದಲ್ಲಿ ಸಿಲಿಕೋನ್ ಗ್ರೀಸನ್ನು ಬಳಸತಕ್ಕದ್ದು. ಡೀಸೆಲ್ ಎಂಜಿನಿನ ಮಗ್ಗುಲಲ್ಲಿ, ಎಣ್ಣೆಯೂ ಬಿಸಿಲೂ ತಾಗುವೆಡೆಯಲ್ಲಿ, ಎರಡನ್ನೂ ಮಧ್ಯಮವಾಗಿ ತಾಳುವ ನಿಯೋಪ್ರೀನ್ ಸೂಕ್ತ. ಸಿಲಿಕೋನ್ ರಬ್ಬರು ಬಿಸಿಲಿಗೆ ಜಗ್ಗದಾದರೂ ಬೇಗ ಹರಿಯುವುದರಿಂದ ಪದೇ ಪದೇ ತೆರೆಯುವ ಮುಚ್ಚಳಕ್ಕೆ ಒಗ್ಗದು.

ಹಳೆಯ ಟ್ಯೂಬನ್ನು ಕತ್ತರಿಸಿ ಪಟ್ಟಿ ಮಾಡುವುದು ಮಿತವ್ಯಯವಲ್ಲ. ಅದು ತೆಳುವಾದುದರಿಂದ ಎಷ್ಟು ಬಿಗಿದರೂ ಸಂದು ತುಂಬದು.

ರಬ್ಬರು ಎಷ್ಟೇ ಒಳ್ಳೆಯದಾದರೂ ತಂತಿಯ ಆಕಾರಕ್ಕೆ ಹೊಂದದಿದ್ದರೆ ವ್ಯರ್ಥ. ಕೊಳವೆ ಬಾವಿಯ ಪಂಪಿಗೆ ಬರುವ ಚಪ್ಪಟೆ ಕೇಬಲನ್ನು ದುಂಡು ರಂಧ್ರದ ಗ್ಲ್ಯಾಂಡಿನಲ್ಲಿ ತೂರಿಸಿದರೆ ಎರಡು ಬದಿಗಳಲ್ಲಿ ಸಂದು ಉಳಿಯುವುದು. ಬಿಡಿ ತಂತಿಗಳನ್ನು ಒಟ್ಟಾಗಿ ತೂರಿಸಿದರೆ ನಡುವೆ ನೀರು ಇಳಿಯುವುದು. ಚಪ್ಪಟೆ ಕೇಬಲಿಗೆ ಚಪ್ಪಟೆ ರಂಧ್ರದ ರಬ್ಬರನ್ನೇ ಕೇಳಿ ತರಬೇಕು. ಪೆಟ್ಟಿಗೆಯ ಮೇಲಿನ ಐ.ಪಿ. 67 ಎಂಬ ಗುರುತು, 1 ಮೀಟರು ನೀರಿನಲ್ಲಿ 30 ನಿಮಿಷ ಮುಳುಗಿದರೂ ಕೇಡಾಗುವಷ್ಟು ನೀರು ಒಳಹೋಗದೆಂಬುದನ್ನು ಸೂಚಿಸುತ್ತದೆ. ತಕ್ಕ ರಬ್ಬರೂ ಗ್ಲ್ಯಾಂಡೂ ಇಲ್ಲದಿದ್ದಲ್ಲಿ ಆ ಗುರುತಿಗೆ ಬೆಲೆಯಿಲ್ಲ.

ಮುಂಗಾರಿಗೆ ಮುನ್ನ ವಿದ್ಯುತ್ತನ್ನು ಪೂರ್ತಿ ಕಡಿದು, ಬಲ್ಲ ಕೆಲಸಗಾರನಿಂದ ಮುಚ್ಚಳ ತೆಗೆಸಿ ಪಟ್ಟಿಯನ್ನು ಪರೀಕ್ಷಿಸತಕ್ಕದ್ದು. ಚಪ್ಪಟೆಯಾಗಿ ಹಾಗೆಯೇ ಉಳಿದಿದ್ದರೆ ಅಥವಾ ಬಗ್ಗಿಸಿದಾಗ ಬಿರುಕು ತೋರಿದರೆ ಹೊಸದನ್ನು ಹಾಕಿಸತಕ್ಕದ್ದು.