ಅವ್ವ ಗುಳಿಗೆ ಬಿಡ್ತೀನಿ ಅಂತಾಳೆ

ಪ್ರಶ್ನೆ: ನಮ್ಮದು ಮೂಡಲಗಿ ತಾಲ್ಲೂಕಿನ ಹಳ್ಳಿ. ಅವ್ವನಿಗೆ 74 ವರ್ಷ. ಬಿಪಿ, ಶುಗರ್ ಎರಡೂ ಇವೆ. ಬೇಸಿಗೆಯಲ್ಲಿ ಗೋಕಾಕದ ಡಾಕ್ಟರು ಬಿಪಿ ಗುಳಿಗೆ ಬದಲಿಸಿ ಅಮ್ಲೋಡಿಪಿನ್ ಬರೆದರು. ಆಮೇಲೆ ಎರಡೂ ಕಾಲು ಬಾತವು. ಹುಕ್ಕೇರಿಯಲ್ಲಿರುವ ಅಕ್ಕ ಅಲ್ಲೇ ಇನ್ನೊಬ್ಬರಿಗೆ ತೋರಿಸಿದಳು. ಅವರು ಬಾವು ಇಳಿಯಲು ಇನ್ನೊಂದು ಗುಳಿಗೆ ಕೊಟ್ಟರು. ಈಗ ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತಾಳೆ, ನಿಂತರೆ ಚಕ್ಕರ್ ಬರುತ್ತದೆ. ಹೋದ ವಾರ ಬಚ್ಚಲಲ್ಲಿ ಬಿದ್ದಳು. ಮೊಣಕಾಲು ನೋವಿಗೆ ಅಂಗಡಿಯಿಂದ ತರಿಸುವ ಗುಳಿಗೆ ಬೇರೆ. ‘ಈ ಗುಳಗಿನ ನನ್ನ ತಿನ್ನಾಕತ್ತಾವು, ಎಲ್ಲಾ ಬಿಡ್ತೀನಿ’ ಅಂತ ಹಟ ಹಿಡಿದಿದ್ದಾಳೆ. ಅಕ್ಕನೂ ಬಿಡಲಿ ಅನ್ನುತ್ತಾಳೆ. ಪುಣೆಯಲ್ಲಿರುವ ತಮ್ಮ ‘ವಯಸ್ಸಾತು, ಅಷ್ಟ’ ಅನ್ನುತ್ತಾನೆ. ಯಾರ ಮಾತು ಕೇಳಲಿ?

ಉತ್ತರ: ಅವ್ವನ ಮಾತು ಕೇಳಿ, ಆದರೆ ಅರ್ಧ ಮಾತ್ರ. ಆಕೆ ಹೇಳುವ ಕಾರಣ ಬಹುಶಃ ಸರಿ. ಉಪಾಯ ಮಾತ್ರ ಅಪಾಯದ್ದು.

ಅದಕ್ಕೂ ಮೊದಲು ಒಂದು ಮಾತು. ಬಿದ್ದಾಗ ತಲೆಗೆ ಪೆಟ್ಟಾಗಿದೆಯೇ? ಆಸ್ಪಿರಿನ್ ಅಥವಾ ರಕ್ತ ತೆಳುವಾಗಿಸುವ ಗುಳಿಗೆ ನಡೆದಿದೆಯೇ? ಹೌದಾದರೆ, ಅಥವಾ ತಲೆನೋವು, ವಾಂತಿ, ಮಂಪರು ಕಂಡರೆ, ಈ ಉತ್ತರ ಪೂರ್ತಿ ಓದುತ್ತ ಕೂರಬೇಡಿ. 108ಕ್ಕೆ ಫೋನ್ ಮಾಡಿ.

ಈಗ ನಿಮ್ಮ ಪತ್ರವನ್ನೇ ಇನ್ನೊಮ್ಮೆ ನಿಧಾನಕ್ಕೆ ಓದಿ. ಗುಳಿಗೆ ಬದಲಾಯಿತು, ಕಾಲು ಬಾತವು. ಬಾವಿಗೆ ಗುಳಿಗೆ ಬಂತು, ರಾತ್ರಿ ನಿದ್ದೆ ಹೋಯಿತು. ನಿಂತರೆ ಚಕ್ಕರ್ ಬಂತು, ಬಚ್ಚಲಲ್ಲಿ ಬಿದ್ದಳು. ಇಷ್ಟನ್ನು ಇದೇ ಕ್ರಮದಲ್ಲಿ ಬರೆದವರು ನೀವೇ. ಅಮ್ಲೋಡಿಪಿನ್‌ನಿಂದ ಪಾದ ಬಾಯುವುದು ಅಪರೂಪವೇನಲ್ಲ. ಅದು ಸಣ್ಣ ರಕ್ತನಾಳಗಳನ್ನು ಅಗಲ ಮಾಡುತ್ತದೆ, ಕಾಲಲ್ಲಿ ಅವುಗಳಿಂದ ನೀರು ಹೊರಗೆ ಜಿನುಗುತ್ತದೆ. ಈ ಬಾವು ಮೈಯಲ್ಲಿ ನೀರು ಹೆಚ್ಚಾಗಿ ಬಂದದ್ದಲ್ಲ. ಆದ್ದರಿಂದ ಮೂತ್ರ ಹೆಚ್ಚಿಸುವ ಗುಳಿಗೆಯಿಂದ ಇದು ಅಷ್ಟಾಗಿ ಇಳಿಯುವುದೂ ಇಲ್ಲ. ಬದಲಿಗೆ ಸೋಡಿಯಂ, ಪೊಟ್ಯಾಸಿಯಂ ಕಡಿಮೆಯಾಗಬಹುದು, ನಿಂತಾಗ ಬಿಪಿ ಕುಸಿಯಬಹುದು. ಹಾಗಂತ ಎಲ್ಲ ಬಾವೂ ಗುಳಿಗೆಯದ್ದಲ್ಲ. ಹೃದಯ, ಕಿಡ್ನಿ, ಲಿವರ್ ತೊಂದರೆಯಿಂದಲೂ ಕಾಲು ಬಾಯುತ್ತವೆ. ಅದನ್ನು ತೀರ್ಮಾನಿಸುವುದು ಡಾಕ್ಟರ ಕೆಲಸ. ಯಾವುದರ ಹಿಂದೆ ಯಾವುದು ಬಂತು ಅಂತ ಅವರ ಮುಂದೆ ಹೇಳುವುದು ನಿಮ್ಮ ಕೆಲಸ. ಇಲ್ಲಿ ಇಬ್ಬರು ಡಾಕ್ಟರಿಗೂ ಪೂರ್ತಿ ಕಥೆ ಗೊತ್ತಿರಲಿಲ್ಲ ಅಂತ ನನ್ನ ಅನಿಸಿಕೆ.

ನನಗೆ ಹೆಚ್ಚು ಚಿಂತೆಯಾದದ್ದು ಮೊಣಕಾಲಿನ ಗುಳಿಗೆ. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್ ಜಾತಿಯ ನೋವಿನ ಗುಳಿಗೆಗಳು ಮೈಯಲ್ಲಿ ಉಪ್ಪು, ನೀರು ಹಿಡಿದಿಟ್ಟು ಬಿಪಿಯನ್ನೂ ಬಾವನ್ನೂ ಏರಿಸುತ್ತವೆ. ಬೇಸಿಗೆಯಲ್ಲಿ ಬಿಪಿ ಗುಳಿಗೆ ಬದಲಿಸಬೇಕಾಗಿ ಬಂದದ್ದಕ್ಕೆ ಇದೇ ಮೂಲವೋ ಏನೋ, ಕೇಳಿ ನೋಡಿ. ಟೆಲ್ಮಿಸಾರ್ಟನ್, ರಾಮಿಪ್ರಿಲ್‌ನಂಥ ಬಿಪಿ ಗುಳಿಗೆ, ಮೂತ್ರದ ಗುಳಿಗೆ, ಇವುಗಳ ಜೊತೆ ನೋವಿನ ಗುಳಿಗೆಯೂ ಸೇರಿದರೆ ಕಿಡ್ನಿಗೆ ಪೆಟ್ಟು. ಅಂಗಡಿಯಿಂದ ನೀವಾಗಿಯೇ ತರುವ ಈ ಒಂದನ್ನು ಮಾತ್ರ ಡಾಕ್ಟರನ್ನು ಕಾಣುವವರೆಗೆ ತರಬೇಡಿ. ಅಷ್ಟರವರೆಗೆ ಬಿಸಿ ಶಾಖ ಕೊಡಿ.

ಉಳಿದವನ್ನು ತಟ್ಟನೆ ನಿಲ್ಲಿಸುವುದು ಬೇಡ. ಅಟೆನೊಲಾಲ್‌ನಂಥದ್ದನ್ನು ಒಮ್ಮೆಲೇ ಬಿಟ್ಟರೆ ಬಿಪಿ ಜಿಗಿಯುತ್ತದೆ, ಹೃದಯಕ್ಕೂ ತೊಂದರೆ. ಅಲ್ಪ್ರಾಜೋಲಾಮ್ ಥರದ ನಿದ್ದೆ ಗುಳಿಗೆಯನ್ನೂ ಹಂತ ಹಂತವಾಗಿಯೇ ಇಳಿಸಬೇಕು. ಅಕ್ಕನಿಗೆ ಇದನ್ನು ತಿಳಿಸಿ ಹೇಳಿ. ಬಯ್ಯಬೇಡಿ, ಅವ್ವನ ಕಾಲು ಕಂಡು ದವಾಖಾನೆಗೆ ಕರೆದೊಯ್ದವಳು ಅವಳು. ಇನ್ನು ತಮ್ಮ. ವಯಸ್ಸು ಕಾರಣ ಹೌದು. ಕಿಡ್ನಿ, ಲಿವರ್ ಔಷಧವನ್ನು ಹೊರಹಾಕುವುದು ನಿಧಾನವಾಗುವುದರಿಂದ ಹಿಂದೆ ಒಗ್ಗಿದ್ದ ಪ್ರಮಾಣವೇ ಈಗ ಹೆಚ್ಚಾಗಬಹುದು. ಆದರೆ ಅದು ಗುಳಿಗೆ ಚೀಟಿ ಮತ್ತೆ ನೋಡಿಸಲು ಕಾರಣ, ಕೈಕಟ್ಟಿ ಕೂರಲು ಅಲ್ಲ.

ಒಂದು ಚೀಲ ತೆಗೆದುಕೊಳ್ಳಿ. ನಮ್ಮ ಕಡೆ ಮನೆ ಮನೆಯಲ್ಲೂ ಖಾಲಿಯಾದ ಕರದಂಟಿನ ಡಬ್ಬಿಯೊಂದು ಗುಳಿಗೆಗಳಿಂದ ತುಂಬಿರುತ್ತದೆ, ಅದನ್ನು ಹಾಗೇ ಚೀಲಕ್ಕೆ ಸುರಿಯಿರಿ. ಅಂಗಡಿಯವರು ನಾಲ್ಕೇ ಗುಳಿಗೆ ಕತ್ತರಿಸಿ ಕೊಟ್ಟ ಪಟ್ಟಿಯಲ್ಲಿ ಹೆಸರಿನ ಒಂದೆರಡು ಅಕ್ಷರ ಮಾತ್ರ ಉಳಿದಿರುತ್ತವೆ, ತಾರೀಖು ಇರುವುದೇ ಇಲ್ಲ. ಇನ್ನು ಮೇಲೆ ಪೂರ್ತಿ ಪಟ್ಟಿಯನ್ನೇ ಕೇಳಿ ತನ್ನಿ. ಹೊರಗಿನ ಹೆಸರು ಬೇರೆ ಬೇರೆ ಇದ್ದರೂ ಒಳಗಿನ ಔಷಧ ಒಂದೇ ಇರುವುದುಂಟು. ಗೋಕಾಕದ್ದೊಂದು, ಹುಕ್ಕೇರಿಯದ್ದೊಂದು ಸೇರಿ ಎರಡೆರಡು ನುಂಗುತ್ತಿರಬಹುದು. ಸಂಧಿವಾತಕ್ಕೆ ಅಂತ ಯಾರೋ ಕೊಟ್ಟ ಪುಡಿಯೂ ಚೀಲಕ್ಕೆ ಬರಲಿ, ಅಂಥವುಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದು ಹೊಸದಲ್ಲ.

ಇದನ್ನೆಲ್ಲ ಒಬ್ಬರೇ ಫಿಜಿಶಿಯನ್ ಮುಂದೆ ಇಡಿ, ಗೋಕಾಕದಲ್ಲಾಗಲಿ ಬೆಳಗಾವಿಯ ಬಿಮ್ಸ್‌ನಲ್ಲಾಗಲಿ. ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಸಿಯಂ ಪರೀಕ್ಷೆ ಬೇಕೇ ಕೇಳಿ. ಬಿಪಿಯನ್ನು ಮಲಗಿಸಿ ಒಮ್ಮೆ, ನಿಲ್ಲಿಸಿ 3 ನಿಮಿಷದೊಳಗೆ ಒಮ್ಮೆ ನೋಡಲು ಹೇಳಿ; ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದರೆ ಚಕ್ಕರ್‌ನ ಗುಟ್ಟು ಸಿಕ್ಕಂತೆ. ‘ಇವುಗಳಲ್ಲಿ ಯಾವುದನ್ನು ತೆಗೆಯಬಹುದು? ಮೂತ್ರದ ಗುಳಿಗೆ ಬೇಕೇ ಬೇಕೆಂದರೆ ಬೆಳಿಗ್ಗೆಯೇ ಕೊಡಬಹುದೇ?’ ಅಂತ ಬಾಯಿಬಿಟ್ಟು ಕೇಳಿ. ಹೊಸ ಚೀಟಿಯ ಫೋಟೊ ಅಕ್ಕ, ತಮ್ಮ ಇಬ್ಬರ ಮೊಬೈಲಿಗೂ ಹೋಗಲಿ.

ಔಷಧದಿಂದಲೇ ತೊಂದರೆಯಾಗಿದೆ ಎನಿಸಿದರೆ ಮನೆಯವರೂ ವರದಿ ಮಾಡಬಹುದು, ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 1800-180-3024.

ಕೊನೆಯದು ಶುಗರ್ ಗುಳಿಗೆ. ಅದರಲ್ಲಿ ಗ್ಲಿಮೆಪಿರೈಡ್ ಇದ್ದು, ಅವ್ವ ಏಕಾದಶಿ, ಸೋಮವಾರ ಅಂತ ಉಪವಾಸ ಮಾಡುವವಳಾದರೆ ಆ ದಿನ ಏನು ಮಾಡಬೇಕು ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಬೆವರಿ, ಕೈ ನಡುಗಿ, ಮಾತು ತಡವರಿಸಿದರೆ 3 ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ.