ಔಷಧ ಹೊಡೆಯುವ ಡ್ರೋನಿಗೆ ಅಪ್ಪಣೆ ತಲುಪುವ ಬಗೆ



ಕೃಷ್ಣಾ ದಂಡೆಯ ನಮ್ಮ ಊರುಗಳಲ್ಲಿ ಕಬ್ಬು ಆಳೆತ್ತರ ಬೆಳೆದ ಮೇಲೆ ಬೆನ್ನಿಗೆ ಪಂಪು ಕಟ್ಟಿಕೊಂಡು ಒಳಗೆ ಹೋಗುವುದು ಎಷ್ಟು ಕಷ್ಟವೆಂಬುದು ನಿಮಗೆ ಗೊತ್ತು. ಆ ಕೆಲಸಕ್ಕೆ ಈಗ ಡ್ರೋನ್ ಬಂದಿದೆ. ಒಡ್ಡಿನ ಮೇಲೆ ನಿಂತ ಚಾಲಕನಿಗೂ ಹಾರುವ ಯಂತ್ರಕ್ಕೂ ನಡುವೆ ತಂತಿಯಿಲ್ಲ. ಇರುವುದು ರೇಡಿಯೋ ಅಲೆ ಮಾತ್ರ. ಅದು ಕಡಿದರೆ ಔಷಧ ತುಂಬಿದ ಯಂತ್ರ ಯಾರ ತಲೆಯ ಮೇಲಾದರೂ ಬಿದ್ದೀತು. ಆದುದರಿಂದ ಅದರ ಗುಣ ತಿಳಿದಿರಬೇಕು.

1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯನ್ನು ನಮ್ಮ ಹಿರಿಯರು 765 ಕಿಲೋಹರ್ಟ್ಸ್‌ನಲ್ಲಿ ಕೇಳಿದವರು. ಅಂದರೆ ಅಲೆ ಸೆಕೆಂಡಿಗೆ 7 ಲಕ್ಷ 65 ಸಾವಿರ ಸಲ ಕಂಪಿಸುತ್ತದೆ. ಒಂದೊಂದು ಅಲೆಯ ಉದ್ದ ಸುಮಾರು 392 ಮೀಟರ್. ಅಷ್ಟು ಉದ್ದದ ಅಲೆ ನೆಲವನ್ನು ಅನುಸರಿಸಿ, ಗುಡ್ಡ ಬಳಸಿ ಬರುತ್ತದೆ. ಡ್ರೋನುಗಳಲ್ಲಿ ಹೆಚ್ಚಾಗಿ ಬಳಸುವುದು 2.4 ಗಿಗಾಹರ್ಟ್ಸ್ ಪಟ್ಟಿ. ಇದು ಸೆಕೆಂಡಿಗೆ 240 ಕೋಟಿ ಕಂಪನ. ಅಲೆಯ ಉದ್ದ ಹನ್ನೆರಡೂವರೆ ಸೆಂಟಿಮೀಟರ್ ಮಾತ್ರ. ಇನ್ನೊಂದು 5.8 ಗಿಗಾಹರ್ಟ್ಸ್, ಅದರ ಅಲೆ ಐದು ಸೆಂಟಿಮೀಟರಿನಷ್ಟು. ಇಂಥ ಗಿಡ್ಡ ಅಲೆಗಳು ನೆಟ್ಟಗೆ ಹೋಗುತ್ತವೆ. ನೀರು ತುಂಬಿದ ಹಸಿ ಎಲೆ ಅವನ್ನು ಹೀರಿಕೊಳ್ಳುತ್ತದೆ. ಕಬ್ಬಿನ ಮರೆಯಲ್ಲಿ ನಿಂತು ನಡೆಸುವವನಿಗೆ ಸಂಪರ್ಕ ಕಡಿಯುವುದು ಈ ಕಾರಣದಿಂದಲೇ. ಒಡ್ಡಿನ ಮೇಲೋ ಟ್ರೇಲರಿನ ಮೇಲೋ, ಡ್ರೋನ್ ಕಣ್ಣಿಗೆ ಕಾಣುವಂತೆ ನಿಲ್ಲಬೇಕು. ಕೋಲಿನಂಥ ಆಂಟೆನಾದ ತುದಿಯನ್ನು ಡ್ರೋನಿನತ್ತ ಚಾಚುವುದು ಹಲವರ ರೂಢಿ. ಅದು ತಪ್ಪು, ತುದಿಯ ದಿಕ್ಕಿನಲ್ಲಿ ಅಲೆ ತೀರ ಕ್ಷೀಣ, ಮಗ್ಗುಲಲ್ಲಿ ಬಲವಾಗಿರುತ್ತದೆ.

ಈ ಎರಡೂ ಪಟ್ಟಿಗಳನ್ನು ನಮ್ಮ ದೇಶದಲ್ಲಿ ನಿಗದಿತ ಶಕ್ತಿಯೊಳಗೆ ಪರವಾನಗಿಯಿಲ್ಲದೆ ಬಳಸಬಹುದು. ಹಾಗೆಂದೇ 2.4ರಲ್ಲಿ ಸಂತೆಯ ಗದ್ದಲ: ಮನೆಯ ವೈಫೈ, ಬ್ಲೂಟೂತ್, ಮೊಬೈಲಿನ ಹಾಟ್‌ಸ್ಪಾಟ್ ಎಲ್ಲವೂ ಅಲ್ಲೇ. ಡ್ರೋನ್ ಕ್ಷಣಕ್ಷಣಕ್ಕೂ ಪಟ್ಟಿಯೊಳಗೆ ಜಾಗ ಬದಲಿಸಿ ಸಂಭಾಳಿಸಿಕೊಳ್ಳುತ್ತದೆ. ಆದರೂ ನೋಡಲು ನೆರೆದ ಹುಡುಗರಿಗೆ ಹಾಟ್‌ಸ್ಪಾಟ್ ಆರಿಸಲು ಹೇಳಿರಿ. ಅಲೆಗೆ ಪರವಾನಗಿ ಬೇಡವೆಂದರೆ ಡ್ರೋನಿಗೂ ಬೇಡವೆಂದಲ್ಲ. 2021ರ ಡ್ರೋನ್ ನಿಯಮಗಳಂತೆ ಸಿಂಪಡಣೆಯ ದೊಡ್ಡ ಯಂತ್ರಕ್ಕೆ ನೋಂದಣಿಯೂ ಚಾಲಕನಿಗೆ ಪ್ರಮಾಣಪತ್ರವೂ ಇರಬೇಕು. ಬಾಡಿಗೆಗೆ ಕರೆಯುವಾಗ ಎರಡನ್ನೂ ಕೇಳಿ ನೋಡಿರಿ.

ಸಂಪರ್ಕ ತಪ್ಪಿದರೆ ಏನು ಮಾಡಬೇಕೆಂದು ಹಾರಿಸುವ ಮೊದಲೇ ಯಂತ್ರಕ್ಕೆ ಹೇಳಿಡಬಹುದು. ಸಾಮಾನ್ಯವಾಗಿ ಅದು ಗೊತ್ತುಪಡಿಸಿದ ಎತ್ತರಕ್ಕೇರಿ ಹೊರಟ ಜಾಗಕ್ಕೆ ಮರಳುತ್ತದೆ. ಆ ಎತ್ತರ ನಿಮ್ಮ ಹೊಲದ ತೆಂಗು, ಕರೆಂಟಿನ ತಂತಿಗಳಿಗಿಂತ ಮೇಲಿದೆಯೇ ಎಂದು ಚಾಲಕನನ್ನು ಕೇಳಿರಿ. ತಂತಿ ಎಲ್ಲಿ ಹಾದಿದೆಯೆಂಬುದು ಹೊರಗಿನಿಂದ ಬಂದ ಅವನಿಗಿಂತ ನಿಮಗೇ ಚೆನ್ನಾಗಿ ಗೊತ್ತು.