ಒಂದೇ ಹೆಸರಿನ ಆಕರಕೋಶಗಳು

ಮುರಿದ ಮೂಳೆ ಕೆಲವು ವಾರಗಳಲ್ಲಿ ಕೂಡಿಕೊಳ್ಳುವುದನ್ನು ನಾವೆಲ್ಲರೂ ಕಂಡಿದ್ದೇವೆ. ಹೊಸ ಮೂಳೆಯನ್ನು ಕಟ್ಟುವ ಜೀವಕೋಶಗಳು ಬರುವುದೆಲ್ಲಿಂದ? ಈ ಪ್ರಶ್ನೆಯ ಬೆನ್ನು ಹತ್ತಿದವರಲ್ಲಿ ಸೋವಿಯತ್ ವಿಜ್ಞಾನಿ ಅಲೆಕ್ಸಾಂಡರ್ ಫ್ರೀಡೆನ್‌ಸ್ಟೈನ್ ಪ್ರಮುಖರು. 1970ರ ಸುಮಾರಿನಲ್ಲಿ ಅವರು ಗಿನಿಯಿಲಿಯ ಅಸ್ಥಿಮಜ್ಜೆಯನ್ನು ಪಾತ್ರೆಯಲ್ಲಿಟ್ಟು ಬೆಳೆಸಿದಾಗ, ಕೆಲವೇ ಕೋಶಗಳು ತಳಕ್ಕೆ ಅಂಟಿಕೊಂಡು, ಕದಿರಿನ ಆಕಾರವನ್ನು ತಾಳಿ, ಗುಂಪುಗುಂಪಾಗಿ ವೃದ್ಧಿ ಹೊಂದಿದವು. ಭ್ರೂಣದಲ್ಲಿ ಮೂಳೆ, ಮೃದ್ವಸ್ಥಿ, ಕೊಬ್ಬು ಮೊದಲಾದವುಗಳಿಗೆ ಮೂಲವಾಗುವ ಸಡಿಲವಾದ ಅಂಗಾಂಶಕ್ಕೆ ಮೀಸೆಂಕೈಮ್ ಎಂದು ಹೆಸರು. ಅದನ್ನನುಸರಿಸಿ 1991ರಲ್ಲಿ ಅಮೆರಿಕದ ಆರ್ನಲ್ಡ್ ಕ್ಯಾಪ್ಲನ್, ಇಂತಹ ಕೋಶಗಳನ್ನು ಮೀಸೆಂಕೈಮಲ್ ಆಕರಕೋಶಗಳೆಂದು ಕರೆದರು.

ಮಜ್ಜೆಯಲ್ಲಿ ಇವು ಬಹು ವಿರಳ. ಹತ್ತು ಸಾವಿರದಿಂದ ಲಕ್ಷ ಕೋಶಗಳಲ್ಲಿ ಒಂದು ದೊರೆತೀತು. ಸೊಂಟದ ಮೂಳೆಗೆ ಸೂಜಿಯನ್ನು ಚುಚ್ಚಿ ತೆಗೆಯಬೇಕಾದುದರಿಂದ ನೋವೂ ಉಂಟು. ಚರ್ಮದಡಿಯ ಕೊಬ್ಬಿನಲ್ಲಿಯೂ ಇಂತಹ ಕೋಶಗಳಿವೆಯೆಂದು 2001ರಲ್ಲಿ ವರದಿಯಾಯಿತು. ಅಲ್ಲಿ ಅವು ಮಜ್ಜೆಗಿಂತ ಹೇರಳ. ಮಗು ಹುಟ್ಟಿದ ಮೇಲೆ ಕಸವೆಂದು ಎಸೆಯುವ ಹೊಕ್ಕುಳಬಳ್ಳಿಯಲ್ಲಿಯೂ ಅವು ಸಿಕ್ಕಿದವು. ಎಳೆಯ ಕೋಶಗಳಾದ ಕಾರಣ ಇವು ವೃದ್ಧರ ಮಜ್ಜೆಯ ಕೋಶಗಳಿಗಿಂತ ಹೆಚ್ಚು ಬಾರಿ ವಿಭಜಿಸಬಲ್ಲವು.

ಹಾಗಾದರೆ ಬಳ್ಳಿಯ ಕೋಶಗಳನ್ನೇ ಎಲ್ಲಕ್ಕೂ ಬಳಸಬಾರದೇಕೆ? ವಿಷಯ ಅಷ್ಟು ಸುಲಭವಲ್ಲ. 2006ರಲ್ಲಿ ತಜ್ಞರು ಈ ಕೋಶಗಳಿಗೆ ಲಕ್ಷಣಗಳನ್ನು ನಿಗದಿ ಮಾಡಿದರು: ಪಾತ್ರೆಯ ತಳಕ್ಕೆ ಅಂಟಬೇಕು, ಮೇಲ್ಮೈಯಲ್ಲಿ ಗೊತ್ತಾದ ಪ್ರೋಟೀನುಗಳಿರಬೇಕು, ಮೂಳೆ, ಕೊಬ್ಬು, ಮೃದ್ವಸ್ಥಿಗಳ ಕೋಶಗಳಾಗಿ ಮಾರ್ಪಡಬೇಕು. ಮೂರು ಆಕರಗಳ ಕೋಶಗಳೂ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತವೆ. ಆದರೆ ಪಾತ್ರೆಯಲ್ಲಿ ಅವು ಮಾರ್ಪಡುವುದು ನಾವು ಬೆರೆಸುವ ಪ್ರೇರಕ ದ್ರವ್ಯಗಳಿಂದ. ಉತ್ತರವನ್ನು ಕಿವಿಯಲ್ಲಿ ಹೇಳಿಕೊಟ್ಟು ಪರೀಕ್ಷೆ ನಡೆಸಿದಂತೆ!

ಪ್ರೇರಕಗಳಿಲ್ಲದೆ ಇವು ಏನು ಮಾಡುತ್ತವೆ? 2016ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಬೇರೆ ಬೇರೆ ಅಂಗಾಂಶಗಳ ಮಾನವ ಕೋಶಗಳನ್ನು ಇಲಿಗಳ ದೇಹದಲ್ಲಿ ನೆಡಲಾಯಿತು. ಮಜ್ಜೆಯವು ಮೂಳೆಯನ್ನು ಕಟ್ಟಿ, ಅದರೊಳಗೆ ರಕ್ತೋತ್ಪಾದನೆಗೆ ಎಡೆಯನ್ನೂ ಒದಗಿಸಿದವು. ಹೊಕ್ಕುಳಬಳ್ಳಿಯ ರಕ್ತದವು ಮೃದ್ವಸ್ಥಿಯನ್ನು ರಚಿಸಿದವು. ಸ್ನಾಯುವಿನವು ಮೂಳೆಯ ಗೊಡವೆಗೇ ಹೋಗದೆ ಸ್ನಾಯುವಿನತ್ತ ತಿರುಗಿದವು. ಹೊರನೋಟಕ್ಕೆ ಅವಳಿಗಳಂತಿದ್ದವು ತಮ್ಮ ತವರನ್ನು ಮರೆತಿರಲಿಲ್ಲ.

ಇದರ ಮಹತ್ವ ಪ್ರಯೋಗಾಲಯದಲ್ಲಿಯೇ ಮುಗಿಯುವುದಿಲ್ಲ. ಮಂಡಿನೋವಿನಿಂದ ಪಾರ್ಶ್ವವಾಯುವಿನವರೆಗೆ ಎಲ್ಲಕ್ಕೂ ಆಕರಕೋಶಗಳ ಚುಚ್ಚುಮದ್ದೆಂಬ ಜಾಹೀರಾತುಗಳು ನಮ್ಮ ಕಣ್ಣಿಗೆ ಬೀಳುತ್ತವೆ. ಕೋಶಗಳ ಆಕರ ಯಾವುದೆಂದು ಅವುಗಳಲ್ಲಿ ಹುಡುಕಿದರೂ ಸಿಗದು. ಇತ್ತ, ಹೆಸರಿಟ್ಟ ಕ್ಯಾಪ್ಲನ್ನರೇ 2017ರಲ್ಲಿ ಆ ಹೆಸರನ್ನು ಬದಲಿಸಬೇಕೆಂದರು. ದೇಹಕ್ಕೆ ಸೇರಿಸಿದ ಈ ಕೋಶಗಳು ಬಹುಮಟ್ಟಿಗೆ ತಾವೇ ಹೊಸ ಅಂಗಾಂಶವಾಗದೆ, ಸಂಕೇತದ್ರವ್ಯಗಳನ್ನು ಸ್ರವಿಸಿ ಸುತ್ತಲಿನ ಕೋಶಗಳನ್ನು ಪ್ರಚೋದಿಸುತ್ತವೆ ಎಂಬುದು ಅವರ ವಾದ.

2024ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಮೊದಲ ಬಾರಿಗೆ ಇಂತಹ ಕೋಶಗಳ ಔಷಧವೊಂದಕ್ಕೆ ಅನುಮತಿ ದೊರೆಯಿತು. ಅದು ದಾನಿಗಳ ಅಸ್ಥಿಮಜ್ಜೆಯಿಂದ ತಯಾರಾದುದು. ಕಸಿ ಮಾಡಿದ ಕೋಶಗಳು ರೋಗಿಯ ದೇಹದ ಮೇಲೆಯೇ ತಿರುಗಿಬೀಳುವ ವ್ಯಾಧಿ ಸ್ಟೀರಾಯ್ಡಿಗೆ ಬಗ್ಗದಿದ್ದಾಗ, ಮಕ್ಕಳಿಗೆ ಮಾತ್ರ ಅದನ್ನು ಕೊಡಬಹುದು. ಕೊಬ್ಬಿನಿಂದಲೋ ಬಳ್ಳಿಯಿಂದಲೋ ತೆಗೆದ ಕೋಶಗಳಿಗೆ ಆ ಅನುಮತಿ ಅನ್ವಯಿಸುವುದಿಲ್ಲ.